ಹೆಚ್ಚಾಗಿದೆ ಮಹಾಸ್ವಾಮಿ

ಹುಲಿಗುತ್ತಿಯ ಅರಸ ದುಗ್ಗಪ್ಪನಾಯಕ ಒಂದು ದಿನ ತುಂಬಿದ ಸಭೆಯಲ್ಲಿ, ತನ್ನ ಅರಮನೆಯಲ್ಲಿ ಯಾವುದೂ ಎಂದಿಗೂ ಖಾಲಿಯಾಗುವುದಿಲ್ಲ ಎಂದು ಕೊಚ್ಚಿಕೊಂಡ.

ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಅರಸರು ಸುಮ್ಮನಿರುತ್ತಾರೆಯೇ? ಕೂಡಲೇ ಒಂದು ಅಪ್ಪಣೆ ಹೊರಟಿತು. ಹೆಂಗಸರು ಬಳೆ ಒಡೆದರೆ ‘ಒಡೆಯಿತು’ ಎಂಬ ಅಶುಭ ಮಾತಾಡದೆ ‘ಬಳೆ ಹೆಚ್ಚಿತು’ ಅನ್ನುತ್ತಾರೆ. ಅಕ್ಕಿ ತೀರಿದರೆ ‘ಅಕ್ಕಿ ಹೆಚ್ಚಾಗಿದೆ’ ಅನ್ನುತ್ತಾರೆ. ಇನ್ನು ಮೇಲೆ ಅರಮನೆಯವರೆಲ್ಲರೂ, ಏನು ತೀರಿದರೂ, ‘ಹೆಚ್ಚಾಗಿದೆ’ ಎಂದೇ ಹೇಳಬೇಕು. ‘ಇಲ್ಲ’, ‘ಖಾಲಿ’, ‘ಮುಗಿಯಿತು’ ಎಂದವರ ಅರ್ಧ ಮೀಸೆ ಬೋಳಿಸಲಾಗುವುದು.

ಆಸ್ಥಾನದಲ್ಲಿ ಪುಟ್ಟಶಾಮಯ್ಯ ಎಂಬ ಮಾತುಗಾರನಿದ್ದ. ಊರಿಗೆಲ್ಲ ಚೆಂದದ ಮೀಸೆ ಅವನದು. ಹೆಂಡತಿಗಿಂತ ಹೆಚ್ಚಾಗಿ ಅದನ್ನೇ ವಿಚಾರಿಸಿಕೊಳ್ಳುತ್ತಾನೆ ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು. ಅಪ್ಪಣೆ ಕೇಳಿದ್ದೇ ಅವನ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು.

ಅದೇ ಸಮಯಕ್ಕೆ ಕಡಲಾಚೆಯ ಒಂದು ದ್ವೀಪದಿಂದ ಅರಸನಿಗೆ ಮದುವೆಯ ಕರೆ ಬಂತು. ಹಣದ ಚೀಲ ಹೊರಲು ಶಾಮಯ್ಯನೇ ನೇಮಕವಾದ. ಪರದೇಶದವರ ಎದುರು ತನ್ನ ಯಾವ ಆಸೆಗೂ ಅಡ್ಡ ಬರಕೂಡದು, ಆದರೆ ಊರಿಗೆ ಮರಳುವ ಹಡಗಿನ ಬಾಡಿಗೆಗೆ ಒಂದು ಕಾಸೂ ಕಡಿಮೆಯಾಗಕೂಡದು, ಎರಡರಲ್ಲಿ ಒಂದು ತಪ್ಪಿದರೂ ಮೀಸೆ ಅರ್ಧ ಎಂದು ಅರಸ ಕಟ್ಟುನಿಟ್ಟು ಮಾಡಿದ. ಶಾಮಯ್ಯ ಖರ್ಚಿನ ಹಣವನ್ನು ಹೆಗಲ ಚೀಲದಲ್ಲಿ ಹಾಕಿಕೊಂಡ. ಬಾಡಿಗೆಯ ಹಣವನ್ನು ಬೇರೆ ಮಾಡಿ ಸೊಂಟಕ್ಕೆ ಬಿಗಿದುಕೊಂಡ. ಇದು ಅರಸನಿಗೂ ಗೊತ್ತಿತ್ತು.

ದ್ವೀಪದಲ್ಲಿ ಮದುವೆಯೇನೋ ಚೆನ್ನಾಗಿ ನಡೆಯಿತು. ಮರುದಿನ ಅರಸ ಪೇಟೆಗೆ ಹೊರಟ. ಕಿರೀಟ ತೆಗೆದಿಟ್ಟು ಬನ್ನಿ, ಕಿರೀಟ ಕಂಡರೆ ಬೆಲೆ ಏರುತ್ತದೆ ಎಂದು ಶಾಮಯ್ಯ ಬೇಡಿಕೊಂಡ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕಿರೀಟ ಹೊತ್ತುಕೊಂಡೇ ಹೋದ ಅರಸ, ಹತ್ತು ಮಂದಿ ಹೊರಬೇಕಾದ ಮಂಚ ಕೊಂಡ, ಬೈಗುಳ ಮಾತ್ರ ಬರುವ ಗಿಳಿ ಕೊಂಡ. ಚೌಕಾಸಿ ಮಾಡುವುದು ಅರಸರಿಗೆ ಅವಮಾನವಂತೆ. ಚೀಲ ಬರಿದಾಗಲು ಎಷ್ಟು ಹೊತ್ತು ಬೇಕು?

ಅಷ್ಟರಲ್ಲಿ ಅವನ ಕಣ್ಣು ಒಂದು ಆನೆಯ ಮೇಲೆ ಬಿತ್ತು. ನಮ್ಮ ಕಾಡಿನಲ್ಲೇ ಬೇಕಾದಷ್ಟು ಆನೆಗಳಿವೆ ಎಂದು ಶಾಮಯ್ಯ ಕಿವಿಯಲ್ಲಿ ನೆನಪಿಸಿದ. ಅವು ನಮ್ಮೂರ ಆನೆ, ಇದು ಪರದೇಶದ ಆನೆ ಎಂದು ಅರಸ ಗದರಿಸಿದ.

ಶಾಮಯ್ಯ ಗಂಟಲು ಸರಿಮಾಡಿಕೊಂಡು, “ಮಹಾಸ್ವಾಮಿ, ಹಣ ಹೆಚ್ಚಾಗಿದೆ” ಎಂದ.

ಕೊಳ್ಳುವ ಅಮಲಿನಲ್ಲಿ ಅರಸನಿಗೆ ತನ್ನ ಅಪ್ಪಣೆಯೇ ಮರೆತುಹೋಗಿತ್ತು. ಹೆಚ್ಚಾಗಿದ್ದರೆ ಒಳ್ಳೆಯದೇ ಆಯಿತು ಎಂದು ಹಿಗ್ಗಿದ.

“ಹಾಗಲ್ಲ ಮಹಾಸ್ವಾಮಿ, ಪೂರ್ತಿ ಹೆಚ್ಚಾಗಿದೆ. ಚೀಲದ ತಳ ಕಾಣುವಷ್ಟು ಹೆಚ್ಚಾಗಿದೆ. ತಲೆಕೆಳಗು ಮಾಡಿ ಕೊಡವಿದರೂ ಹೆಚ್ಚೇ ಉದುರುತ್ತದೆ.”

“ಅಷ್ಟೊಂದಿದೆಯೇ? ಹಾಗಾದರೆ ಎರಡು ಆನೆ ಇರಲಿ” ಎಂದು ಅರಸ ಆನೆ ವ್ಯಾಪಾರಿಯ ಅಂಗೈ ಮೇಲೆ ಅಂಗೈ ತಟ್ಟಿ ವ್ಯಾಪಾರ ಮುಗಿಸಿಯೇಬಿಟ್ಟ.

ವ್ಯಾಪಾರಿ ನಮ್ಮ ಕಡೆಗೆ ಹೋಗಿ ಬಂದು ಮಾಡಿದವನು, ಕನ್ನಡ ಬಲ್ಲವನು. ಹಣ ಕೇಳಿದ. ಅರಸ ಚೀಲಕ್ಕೆ ಕೈ ಹಾಕಿದ. ಕೈಗೆ ಚೀಲವೇ ಸಿಕ್ಕಿತು. ಕೈ ತಟ್ಟಿ ಹಣ ಕೊಡದವನು ಸಾಲ ತೀರುವ ತನಕ ವ್ಯಾಪಾರಿಯ ಮನೆಯಲ್ಲಿ ಜೀತ ಮಾಡಬೇಕು, ಅದು ಆ ದ್ವೀಪದ ಪದ್ಧತಿ. ವ್ಯಾಪಾರಿ ಆಗಲೇ ಲದ್ದಿ ಬಾಚುವ ಸಲಿಕೆ ತೋರಿಸಿದ. ಅರಸನ ಮುಖ ಇಂಗು ತಿಂದ ಮಂಗನ ಮುಖವಾಯಿತು.

“ಹಣ ಖಾಲಿ ಅಂತ ಮೊದಲೇ ಹೇಳಬಾರದಾಗಿತ್ತೇನೋ?”

“ಆ ಮಾತಾಡಿದರೆ ಮೀಸೆ ಹೋಗುತ್ತದೆ ಮಹಾಸ್ವಾಮಿ. ಈಗ ತಾವೇ ಆಡಿದಿರಿ.”

ಅರಸ ಗಬಕ್ಕನೆ ತನ್ನ ಮೀಸೆ ಮುಚ್ಚಿಕೊಂಡ. ಆಮೇಲೆ, ಸೊಂಟದಲ್ಲಿರುವ ಬಾಡಿಗೆ ಹಣವನ್ನಾದರೂ ಕೊಟ್ಟು ಬಿಡಿಸು ಎಂದು ಪಿಸುಗುಟ್ಟಿದ.

“ಅದೂ ಹೆಚ್ಚಾಗಿದೆ ಮಹಾಸ್ವಾಮಿ” ಎಂದ ಶಾಮಯ್ಯ, ಮುಖ ಸಣ್ಣದು ಮಾಡಿಕೊಂಡು.

ಈ ಸಲ ಅರಸನಿಗೆ ಅರ್ಥವಾಯಿತು. ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಳಿತ.

ಶಾಮಯ್ಯ ವ್ಯಾಪಾರಿಯ ಹತ್ತಿರ ಹೋಗಿ, ಅರಸರನ್ನು ಧಾರಾಳವಾಗಿ ಜೀತಕ್ಕೆ ಇಟ್ಟುಕೊಳ್ಳಿ, ಊಟ ಮಾತ್ರ ನಿಮ್ಮದು ಎಂದ. ಬೆಳಿಗ್ಗೆ ಒಂದು ಕುಕ್ಕೆ ಕಡುಬು, ಅದು ಮುಳುಗುವಷ್ಟು ತುಪ್ಪ. ಅದು ಅರಗುವ ಮುಂಚೆ ಹೋಳಿಗೆ. ಉಣ್ಣುವಾಗ ಗಾಳಿ ಬೀಸಲು ಒಬ್ಬ, ಪ್ರತಿ ತುತ್ತನ್ನೂ ಹೊಗಳಲು ಒಬ್ಬ ಕವಿ. ಮಧ್ಯಾಹ್ನದ ಊಟದ ವಿಚಾರಕ್ಕೆ ಬರುವಷ್ಟರಲ್ಲಿ ವ್ಯಾಪಾರಿ ಕೈ ಮುಗಿದ.

“ಅಯ್ಯಾ, ಇವರಿಗಿಂತ ಆನೆ ಸಾಕುವುದೇ ಅಗ್ಗ. ವ್ಯಾಪಾರವೂ ಬೇಡ, ಜೀತವೂ ಬೇಡ, ಮೊದಲು ಕರಕೊಂಡು ಹೋಗಿ.”

ಬಂದರಿನಲ್ಲಿ ಹಡಗಿನವನು ಬಾಡಿಗೆ ಕೇಳಿದಾಗ ಅರಸನಿಗೆ ಅಳುವೇ ಬಂತು. ಇನ್ನು ಹುಲಿಗುತ್ತಿಯನ್ನು ಕಾಣುವುದು ಯಾವ ಜನ್ಮಕ್ಕೋ ಎಂದು ಹಲುಬತೊಡಗಿದ. ಶಾಮಯ್ಯ ನಿಧಾನವಾಗಿ ಸೊಂಟದ ಗಂಟು ಬಿಚ್ಚಿ ಬಾಡಿಗೆ ಎಣಿಸಿ ಕೊಟ್ಟ. ಎರಡು ಎಳನೀರಿಗೂ ಉಳಿಯಿತು.

ಅರಸ ಬಾಯಿ ಬಿಟ್ಟುಕೊಂಡು ನೋಡಿದ. “ಅದು ಹೆಚ್ಚಾಗಿದೆ ಅಂದೆಯಲ್ಲೋ?”

“ಹೌದು ಮಹಾಸ್ವಾಮಿ, ಸುಳ್ಳು ಹೇಳಿದೆನೇ? ಚೀಲ ಬರಿದಾದಾಗ ಹೆಚ್ಚಾಗಿದೆ ಅಂದೆ, ತಾವು ನಂಬಿ ಆನೆ ಕೊಂಡಿರಿ. ಹಣ ಇದ್ದಾಗಲೂ ಹೆಚ್ಚಾಗಿದೆ ಅಂದೆ, ತಾವು ನಂಬಲಿಲ್ಲ, ಅದಕ್ಕೇ ಉಳಿಯಿತು.”

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಊರು ಮುಟ್ಟಿದ ಕೂಡಲೇ ಬೊಕ್ಕಸದವನಿಂದ ಒಂದು ಚೀಲ ಹೊನ್ನು ಕೊಡಿಸುತ್ತೇನೆ ಎಂದು ಮಾತು ಕೊಟ್ಟ.

ಶಾಮಯ್ಯ ಮೀಸೆ ನೀವಿಕೊಳ್ಳುತ್ತ ಕೇಳಿದ: “ಅದು ಸರಿ ಮಹಾಸ್ವಾಮಿ. ಆದರೆ ಆ ಬೊಕ್ಕಸದವನು ‘ಹೊನ್ನು ಹೆಚ್ಚಾಗಿದೆ’ ಅಂದರೆ, ನಾನು ಚೀಲ ಹಿಡಿದು ನಿಲ್ಲಲೋ, ಮನೆಗೆ ಹೋಗಲೋ?”

ದಡ ಬಿಡುವ ಮುಂಚೆಯೇ ಅರಸ ಆ ಅಪ್ಪಣೆಯನ್ನು ರದ್ದು ಮಾಡಿದ.