ನಾಯಕರ ಗೋಡೆಯೂ ನಡುಪಟ್ಟಿಯೂ

ಸಿರಿವಾಳದ ಕಾಮನಾಯಕರಿಗೆ ತಮ್ಮ ಅರಮನೆಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಅರಮನೆ ಎಂದರೆ ಮಣ್ಣಿನ ಗೋಡೆಯ ದೊಡ್ಡ ಮನೆ, ಅಷ್ಟೇ. ಆದರೂ "ತಾತನ ಕಾಲದ ಗೋಡೆ, ಕೂದಲೆಳೆಯಷ್ಟೂ ಬದಲಾಗಿಲ್ಲ" ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಆ ಗೋಡೆಯ ಹೆಬ್ಬಾಗಿಲಿಗೆ ಗೆದ್ದಲು ಹಿಡಿಯಿತು. ನಾಯಕರು ಬಡಗಿ ಮೌನಾಚಾರಿಯನ್ನು ಕರೆಸಿ, ಹಳೆಯ ಚೌಕಟ್ಟನ್ನು ಅಳೆದು ಅದರಂತೆಯೇ ಹೊಸದು ಮಾಡು ಎಂದರು. ಗೋಡೆಯ ದಪ್ಪವನ್ನೂ ಒಮ್ಮೆ ನೋಡಿಬಿಡುತ್ತೇನೆ ಎಂದು ಅವನು ಬಾಯಿ ತೆರೆದದ್ದಕ್ಕೆ, ಬದಲಾಗದ ಗೋಡೆಯಲ್ಲಿ ನೋಡುವುದೇನಿದೆ ಎಂದು ಗದರಿಸಿದರು.

ಹೊಸ ಚೌಕಟ್ಟು ಕೂತಿತು. ಎತ್ತರ ಸರಿ, ಅಗಲ ಸರಿ. ಆದರೆ ದಪ್ಪ ಸಾಲದೆ ಗೋಡೆಯಿಂದ ನಾಲ್ಕು ಬೆರಳು ಒಳಗೇ ಉಳಿಯಿತು. ನಾಯಕರು ಕೆಂಡವಾದರು. ಮರ ಕದ್ದಿದ್ದಾನೆ, ನಾಳೆ ಹೊತ್ತು ಮುಳುಗುವುದರೊಳಗೆ ಹೆಂಡತಿ ಮಕ್ಕಳೊಂದಿಗೆ ಊರು ಬಿಡಲಿ ಎಂದು ಅಪ್ಪಣೆಯಾಯಿತು. ಪಾಪ, ಆಚಾರಿ ಆಸ್ಥಾನದ ಜಾಣ ಅಪ್ರಮೇಯನ ಕಾಲು ಹಿಡಿದ.

ಮರುದಿನ ಅಪ್ರಮೇಯ ತುಂಬಿದ ಸಭೆಗೆ ಒಂದು ಪೆಟ್ಟಿಗೆ ತಂದ. ಅದರಲ್ಲಿ ನಾಯಕರು ಪಟ್ಟಕ್ಕೆ ಬಂದ ದಿನ ಕಟ್ಟಿದ್ದ ಚಿನ್ನದ ನಡುಪಟ್ಟಿಯಿತ್ತು. ಒಮ್ಮೆ ಕಟ್ಟಿಕೊಂಡು ದರ್ಶನ ಕೊಡಬೇಕೆಂದು ಬೇಡಿಕೊಂಡ.

ನಾಯಕರು ಉಸಿರು ಬಿಗಿಹಿಡಿದರು. ಇಬ್ಬರು ಸೇವಕರು ಎರಡು ಕಡೆಯಿಂದ ಎಳೆದರು. ಆದರೂ ಒಂದು ಗೇಣು ಸಾಲಲಿಲ್ಲ.

ಅಪ್ರಮೇಯ ಹಣೆ ಚಚ್ಚಿಕೊಂಡ. "ಅಕ್ಕಸಾಲಿಗ ಗೇಣುದ್ದ ಚಿನ್ನ ನುಂಗಿದ್ದಾನೆ ಪ್ರಭು. ಅವನೂ ಊರು ಬಿಡಲಿ."

ನಾಯಕರಿಗೆ ನಾಚಿಕೆಯಾಯಿತು. "ಅವನದೇನೂ ತಪ್ಪಿಲ್ಲವಯ್ಯಾ. ಪಟ್ಟಿ ಇದ್ದಷ್ಟೇ ಇದೆ. ಹಬ್ಬ ಹಬ್ಬಕ್ಕೂ ಹೋಳಿಗೆ ತಿಂದು ನಾವೇ ಸ್ವಲ್ಪ ದಪ್ಪಗಾಗಿದ್ದೇವೆ."

"ಗೋಡೆಯೂ ಅಷ್ಟೇ ಪ್ರಭು. ತಾವು ಹೋಳಿಗೆ ತಿಂದ ಹಬ್ಬಗಳಲ್ಲೆಲ್ಲ ಅದಕ್ಕೂ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದಾರೆ. ಹಳೆಯ ಚೌಕಟ್ಟಿನ ಅಂಚನ್ನು ಆ ಮಣ್ಣೇ ಮುಚ್ಚಿಟ್ಟಿತ್ತು, ತಮ್ಮ ಹೊಟ್ಟೆಯನ್ನು ಶಾಲು ಮುಚ್ಚಿಟ್ಟ ಹಾಗೆ."

ಮೊದಲು ನಕ್ಕದ್ದು ನಾಯಕರೇ. ನಗುವಿಗೆ ಹೊಟ್ಟೆ ಕುಣಿದು ನಡುಪಟ್ಟಿ ಸೇವಕರ ಕೈಯಿಂದ ಹಾರಿ ಪುರೋಹಿತರ ಮಡಿಲಿಗೆ ಬಿತ್ತು. ಆಚಾರಿ ಊರಲ್ಲೇ ಇರಲಿ ಎಂದು ಅಪ್ಪಣೆಯಾಯಿತು.

"ಸರಿ, ಈಗ ಬಾಗಿಲಿಗೇನು ಮಾಡೋಣ? ಗೋಡೆ ಕೆರೆಸೋಣವೋ, ಚೌಕಟ್ಟಿಗೆ ಮರ ಜೋಡಿಸೋಣವೋ?" ಎಂದು ನಾಯಕರು ಕೇಳಿದರು.

"ಮೊದಲು ತಾವು ಹೇಳಿ ಪ್ರಭು. ಹೋಳಿಗೆ ಬಿಡುತ್ತೀರೋ, ನಡುಪಟ್ಟಿಗೆ ಚಿನ್ನ ಜೋಡಿಸುತ್ತೀರೋ?"

ನಾಯಕರು ಒಂದು ಗಳಿಗೆಯೂ ಯೋಚಿಸಲಿಲ್ಲ. "ಮರ ಜೋಡಿಸಲಿ" ಎಂದರು. ಹಾಗೆಯೇ ಅಕ್ಕಸಾಲಿಗನಿಗೂ ಹೇಳಿಕಳುಹಿಸಿದರು.