ಅಪ್ಪನ ಪಕ್ಕದ ಎಲೆ

ಕಪಿಲೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ; ಹೆಂಚಿನ ಪಡಸಾಲೆ, ಎರಡು ಕೋಣೆ, ಅಂಗಳದಲ್ಲೊಂದು ಮುದಿ ಹುಣಸೆ ಮರ. ಗುರುಗಳು ಕೆಂಪಯ್ಯನವರು. ಕಾವಿ ಉಡುವ ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಕಾವಿ ಬಂದ ಮೇಲೂ ಮೇಷ್ಟರತನ ಹೋಗಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಶಿಷ್ಯ ಪುಟ್ಟಮಾದ ಊರಿನಿಂದ ವಾಪಸು ಬಂದ. ಅಪ್ಪ ತೀರಿಕೊಂಡ ಮೇಲಿನ ಮೊದಲ ಹಬ್ಬಕ್ಕೆಂದು ಹಿಂದಿನ ದಿನವಷ್ಟೇ ಹೋದವನು. ಮುಖ ಬಾಡಿತ್ತು.

"ಯಾಕ್ಲಾ ಮಾದ? ಅಪ್ಪನಿಗೆ ಎಡೆ ಇಡ್ತೀನಿ ಅಂತ ಕುಣ್ಕೊಂಡು ಹೋದೋನು?"

"ದೊಡ್ಡಪ್ಪ ಇಡಕೂಡದು ಅಂದ್ರು ಬುದ್ಧಿ."

ಆ ಸೀಮೆಯಲ್ಲಿ ಅದೊಂದು ರೂಢಿ. ತೀರಿಕೊಂಡ ಹಿರಿಯರಿಗೆ ಅವರವರ ಇಷ್ಟದ್ದನ್ನು ಎಲೆಗೆ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಕದ ಮುಚ್ಚುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಮಗ ಇಟ್ಟ ಎಡೆಗೆ ಅಪ್ಪ ಬಂದೇ ಬರುತ್ತಾನೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

"ಯಾಕಂತೆ?"

ಪುಟ್ಟಮಾದ ತಲೆ ತಗ್ಗಿಸಿದ. "ನನ್ನ ಮೈಯಲ್ಲಿ ಈಗ ಕಂಡೋರ ರಕ್ತ ಅದಂತೆ. ಯಾರ್ದೋ ಏನೋ. ನಾನಿಟ್ರೆ ಅಪ್ಪನಿಗೆ ಗುರುತು ಸಿಗಲ್ವಂತೆ. ಎಡೆ ಮುಟ್ಟದೆ ಹೊಸಿಲಿಂದ್ಲೇ ಹೊರಟೋಗ್ತಾನಂತೆ."

ಆ ವರ್ಷದ ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿಯಲು ಮರ ಹತ್ತಿದವನು ಜಾರಿ ಬಿದ್ದಿದ್ದ. ಮೋಟು ಕೊಂಬೆ ತೊಡೆಯನ್ನು ಸೀಳಿತ್ತು. ಮೈಸೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ಮೈಯೆಲ್ಲ ತಣ್ಣಗಾಗುತ್ತಿತ್ತು. ಯಾರ್ಯಾರೋ ಕೊಟ್ಟಿಟ್ಟ ರಕ್ತ ಏರಿಸಿ ಡಾಕ್ಟರು ಅವನನ್ನು ಉಳಿಸಿದ್ದರು.

ಎಲುಬಿಲ್ಲದ ನಾಲಗೆ ದೊಡ್ಡಪ್ಪನದು. ಆಡಿ ಮರೆತಿರಬೇಕು. ಕೇಳಿದವನಿಗೆ ಮರೆಯುವುದು ಹೇಗೆ?

"ನೀನೇನಂತೀಯ?" ಗುರುಗಳು ಕೇಳಿದರು.

"ನಂಗೆ ಭಯ ಆಯ್ತದೆ ಬುದ್ಧಿ. ಅಪ್ಪ ನಿಜವಾಗ್ಲೂ ಬರದೆ ಹೋದ್ರೆ?"

ಹಾಗೆನ್ನುತ್ತ ಜೇಬಿನ ಮೇಲೆ ಕೈಯಿಟ್ಟುಕೊಂಡ. ಗುರುಗಳ ಕಣ್ಣು ಅಲ್ಲಿಗೇ ಹೋಯಿತು.

"ಅದೇನು?"

"ಬೀಡಿ ಕಟ್ಟು. ಅಪ್ಪನಿಗೆ ಅಂತ ತಂದಿದ್ದೆ." ಹೇಳುವಾಗ ಅವನ ಮುಖದಲ್ಲಿ ಸಣ್ಣ ನಗು ಬಂತು. "ಯಾರಾದ್ರೂ ಒಂದು ಉಪಕಾರ ಮಾಡುದ್ರೆ ಅಪ್ಪನಿಗೆ ಬಾಯಲ್ಲಿ ಮಾತೇ ಹೊರಡ್ತಿರಲಿಲ್ಲ. ಒಂದು ಬೀಡಿ ತೆಗೆದು ಕೊಡೋನು. ತಾನೇ ಕಡ್ಡಿ ಗೀರಿ ಹಚ್ಚೋನು. ಅಷ್ಟೇ."

"ಹಾಗಾದ್ರೆ ಇಲ್ಲೇ ಎಡೆ ಇಡು."

"ಆಶ್ರಮದಲ್ಲಿ ಬೀಡಿ ಇಡಬೋದಾ ಬುದ್ಧಿ?"

"ನಿಮ್ಮಪ್ಪ ಇಲ್ಲಿಗೆ ಶಿಷ್ಯನಾಗಿ ಬರ್ತಾನಾ? ನೆಂಟನಾಗಿ ಬರ್ತಾನೆ. ಇಡು."

ಪುಟ್ಟಮಾದ ಮಿಂದು ಬಂದು ಪಡಸಾಲೆಯಲ್ಲಿ ಒಂದು ಬಾಳೆ ಎಲೆ ಹಾಸಿದ. ಗುರುಗಳು ಅದರ ಪಕ್ಕದಲ್ಲಿ ತಾವೇ ಇನ್ನೊಂದು ಹಾಸಿದರು.

ಪ್ರತಿವರ್ಷವೂ ಗುರುಗಳು ಹೀಗೆ ಒಂದು ಎಲೆ ಹೆಚ್ಚಿಗೆ ಹಾಕುವುದನ್ನು ಅವನು ನೋಡಿದ್ದ. ಕಾಗೆಗೆ ಇರಬೇಕೆಂದುಕೊಂಡಿದ್ದ.

"ಇದು ಕಾಗೆಗಾ ಬುದ್ಧಿ?"

"ಹೋದ ವರ್ಷ ಇದು ಕಾರ್ವರ್ ಅನ್ನೋ ಮೇಷ್ಟ್ರಿಗೆ. ಅಮೆರಿಕದವರು, ಕಪ್ಪು ಜನ. ಗುಲಾಮರ ಮಗುವಾಗಿ ಹುಟ್ಟಿದವರು. ಹತ್ತಿ ಬೆಳೆದೂ ಬೆಳೆದೂ ಸೋತ ಭೂಮಿಗೆ ಕಡಲೆಕಾಯಿ ಹಾಕಿ, ಮಣ್ಣು ಚೇತರಿಸ್ಕೊಳ್ತದೆ ಅಂತ ಬಡ ರೈತರ ಮನೆಬಾಗಿಲಿಗೆ ಪಾಠ ತಲುಪಿಸಿದವರು."

"ಅದರ ಹಿಂದಿನ ವರ್ಷ?"

"ಅದೇ ದೇಶದಲ್ಲಿದ್ದ ಒಬ್ಬ ಗುಲಾಮ. ಸಿಡುಬು ಬಾರದ ಹಾಗೆ ತನ್ನ ನಾಡಿನಲ್ಲಿ ಏನು ಮಾಡ್ತಿದ್ರು ಅಂತ ಯಜಮಾನನಿಗೆ ಹೇಳಿಕೊಟ್ಟ. ಊರಿಗೆ ಸಿಡುಬು ಬಂದಾಗ ಆ ಮಾತು ಎಷ್ಟೋ ಜೀವ ಉಳಿಸ್ತು. ಅವನಿಗೆ ಯಜಮಾನ ಇಟ್ಟ ಹೆಸರು ಪುಸ್ತಕದಲ್ಲಿ ಉಳಿದದೆ. ತಾಯಿ ಇಟ್ಟ ಹೆಸರು ಯಾರಿಗೂ ಗೊತ್ತಿಲ್ಲ."

"ನಂಗೆ ಇದೆಲ್ಲ ಹೇಳಲೇ ಇಲ್ವಲ್ಲ ಬುದ್ಧಿ?"

"ನೀನು ಕೇಳಲೇ ಇಲ್ಲ. ಕಾಗೆಗೆ ಅಂದ್ಕೊಂಡೆ."

ಪುಟ್ಟಮಾದನಿಗೆ ನಾಚಿಕೆಯಾಯಿತು.

"ಈ ವರ್ಷ ಯಾರಿಗೆ?"

"ಚಾರ್ಲ್ಸ್ ಡ್ರೂ ಅಂತ ಒಬ್ಬ ಡಾಕ್ಟರು. ಅವರೂ ಕಪ್ಪು ಜನವೇ. ಮೊದಲೆಲ್ಲ ರಕ್ತ ಕೊಡೋನೂ ಬೇಕಾದೋನೂ ಅಕ್ಕಪಕ್ಕ ಮಲಗಬೇಕಿತ್ತು. ಕೊಡೋನು ಸಿಗೋ ಹೊತ್ತಿಗೆ ಬೇಕಾದೋನು ಹೋಗಿರೋನು. ರಕ್ತವನ್ನ ಕೆಡದ ಹಾಗೆ ಕೂಡಿಡೋದು ಹೇಗೆ, ಅದರ ತಿಳಿಯನ್ನ, ಅಂದ್ರೆ ಪ್ಲಾಸ್ಮಾನ, ಬೇರೆ ಮಾಡಿ ಸಮುದ್ರದಾಚೆಗೂ ಕಳಿಸೋದು ಹೇಗೆ, ಇದಕ್ಕೆ ದಾರಿ ಮಾಡಿದ ಮುಖ್ಯರಲ್ಲಿ ಅವರೊಬ್ಬರು. ನೀನು ಮರದಿಂದ ಬಿದ್ದ ದಿನ ಆಸ್ಪತ್ರೆಯ ಪೆಟ್ಟಿಗೆಯಲ್ಲಿ ರಕ್ತ ಕಾದು ಕೂತಿತ್ತಲ್ಲ? ಆ ದಾರಿಯಲ್ಲಿ ಬಂದದ್ದು."

ಪುಟ್ಟಮಾದ ತೊಡೆಯ ಗಾಯದ ಕಲೆ ಸವರಿಕೊಂಡ.

"ಆಮೇಲೇನಾಯ್ತು ಕೇಳು. ಯುದ್ಧ ಬಂತು. ಸೈನಿಕರಿಗೆ ರಕ್ತ ಬೇಕು. ಕೊಡಿ ಅಂತ ಊರೂರಿಗೆ ಕರೆ ಹೋಯ್ತು. ಆದ್ರೆ ಕಪ್ಪು ಜನರ ರಕ್ತ ಬೇಡ ಅಂದ್ರು."

"ಅಂದ್ರೆ... ಆ ಡಾಕ್ಟರ ರಕ್ತಾನೇ?"

"ಅವರದ್ದೂ ಬೇಡ. ಆಮೇಲೆ, ಆಯ್ತು ತಗೋತೀವಿ, ಬೇರೆ ಚೀಟಿ ಅಂಟಿಸಿ ಬೇರೆ ಇಡ್ತೀವಿ ಅಂದ್ರು. ಬಿಳಿಯರಿಗೆ ಅದು ಸೇರಕೂಡದು ಅಂತ."

ಪುಟ್ಟಮಾದನಿಗೆ ದೊಡ್ಡಪ್ಪನ ದನಿಯೇ ಕೇಳಿದಂತಾಯಿತು. ಇಷ್ಟು ದೂರದ ದೇಶದಲ್ಲೂ ಅದೇ ಮಾತು! ಸಿಟ್ಟು ಬಂತು, ಅದರ ಹಿಂದೆಯೇ ಯಾಕೋ ಅಳುವೂ ಬಂತು.

"ಅವರೇನಂದ್ರು ಬುದ್ಧಿ?"

"ಮನುಷ್ಯರ ರಕ್ತದಲ್ಲಿ ಅಂಥ ಭೇದ ಇಲ್ಲ, ನಾನು ನೋಡಿ ಬಲ್ಲೆ ಅಂತ ಎಲ್ಲರೆದುರಿಗೆ ಹೇಳಿದ್ರು. ಚೀಟಿ ಇದ್ದದ್ದು ಸೀಸೆಯ ಮೇಲೆ ಕಣಪ್ಪ. ರಕ್ತಕ್ಕೆ ಓದಕ್ಕೆ ಬರಲ್ಲ."

ಪುಟ್ಟಮಾದ ಪಕ್ಕದ ಎಲೆಯ ಅಂಚು ಸರಿಪಡಿಸಿದ. ಆಮೇಲೆ ಕೇಳಿದ.

"ಅವರ ಕಡೆಯೋರು ಎಡೆ ಇಡಲ್ವಾ ಬುದ್ಧಿ?"

"ಅವರ ಮನೆಯೋರು ಅವರ ರೀತಿಯಲ್ಲಿ ನೆನೀತಾರೆ. ತಿಂದುಂಡು ಸುಖವಾಗಿರೋ ನಾವು ನೆನೀಬೇಡ್ವಾ? ಪಂಕ್ತಿಯಿಂದ ಎಬ್ಬಿಸಿ ಕಳಿಸಿದೋರನ್ನ ನಮ್ಮ ಪಂಕ್ತಿಗಾದ್ರೂ ಕರೀಬೇಕಲ್ಲ. ಬಡಿಸು, ಹೊತ್ತಾಯ್ತು."

ಅಪ್ಪನ ಎಲೆಗೆ ಕಜ್ಜಾಯ, ವಡೆ, ಕುಂಬಳಕಾಯಿ ಪಲ್ಯ, ಅನ್ನ, ಹುಳಿ ಬಂದವು. ತುದಿಯಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ. ಪಕ್ಕದ ಎಲೆಯ ಮುಂದೆ ಪುಟ್ಟಮಾದ ಸೌಟು ಹಿಡಿದು ನಿಂತುಬಿಟ್ಟ.

"ಅವರಿಗೇನಿಷ್ಟ ಬುದ್ಧಿ?"

"ನನಗೇನು ಗೊತ್ತು? ನಿನಗೇನಿಷ್ಟವೋ ಅದನ್ನ ಬಡಿಸು."

"ನನ್ನಿಷ್ಟದ್ದು ಅವರಿಗ್ಯಾಕೆ?"

"ಅದನ್ನ ಉಣ್ಣಕ್ಕೆ ನೀನು ಉಳಿದೆಯಲ್ಲ."

ಪುಟ್ಟಮಾದನಿಗೆ ಆಸ್ಪತ್ರೆಯಿಂದ ಬಂದ ದಿನ ಅವ್ವ ಕಲಸಿ ಬಾಯಿಗಿಟ್ಟ ಮೊಸರನ್ನ ನೆನಪಾಯಿತು. ಬದುಕಿದ್ದೇನೆ ಎಂದು ಅವನಿಗೆ ಗೊತ್ತಾದದ್ದು ಆ ತುತ್ತಿನಲ್ಲಿ. ಆ ಎಲೆಗೆ ಮೊಸರನ್ನವನ್ನೇ ಬಡಿಸಿದ. ಒಗ್ಗರಣೆ ಜಾಸ್ತಿ ಹಾಕಿದ, ಮಾವಿನಮಿಡಿ ಇಟ್ಟ. ಯಾರೆಂದೇ ತಿಳಿಯದ ರಕ್ತ ಕೊಟ್ಟವರನ್ನೂ ನೆನೆದು ಇನ್ನೊಂದು ಸೌಟು ಹಾಕಿದ. ಎಲೆ ತುಂಬಿತು.

ಧೂಪ ಹಾಕಿದರು. ಕೈಮುಗಿದು ಹೊರಗೆ ಬಂದು ಕದ ಎಳೆದುಕೊಂಡರು.

ಜಗಲಿಯ ಮೇಲೆ ಗುರುಗಳು ಕಾಲು ಚಾಚಿ ಕುಳಿತರು. ಪುಟ್ಟಮಾದ ಕೂರಲಿಲ್ಲ. ಕದಕ್ಕೆ ಕಿವಿಗೊಡುತ್ತಾನೆ, ಹೊಳೆಯ ಕಡೆ ನೋಡುತ್ತಾನೆ, ಮತ್ತೆ ಕದದ ಹತ್ತಿರ ಬರುತ್ತಾನೆ. ಒಳಗಿಂದ ಸದ್ದೇ ಇಲ್ಲ.

"ಬುದ್ಧಿ, ಅಪ್ಪ ಬಂದಿರ್ತಾನಾ? ನನ್ನ ಗುರುತು ಸಿಕ್ಕಿರ್ತದಾ?"

ಗುರುಗಳು ಕಣ್ಣು ಮುಚ್ಚಿಕೊಂಡಿದ್ದರು.

ಕಾದು ಕಾದು ಅವನಿಗೆ ಸಾಕಾಯಿತು. ರೂಢಿಯಂತೆ ಒಳಗಿನವರಿಗೆ ತಿಳಿಯಲೆಂದು ಮೂರು ಸಲ ಕೆಮ್ಮಿ, ಕದ ತಟ್ಟಿ, ತೆಗೆಯಲು ಕೈಯಿಟ್ಟ.

ಗುರುಗಳು ಎದ್ದು ಬಂದು ಮೆಲ್ಲಗೆ ಅವನ ಕೈ ಹಿಡಿದುಕೊಂಡರು.

"ಇನ್ನೊಂದು ಗಳಿಗೆ ತಡಿ ಮಗ. ನಿಮ್ಮಪ್ಪ ಪಕ್ಕದೆಲೆಯೋರಿಗೆ ಬೀಡಿ ಹಚ್ಚಿಕೊಡ್ತಾ ಇರ್ತಾನೆ."