ಬೀಗವೂ ಶ್ಲೋಸ್, ಅರಮನೆಯೂ ಶ್ಲೋಸ್

ಕೂತುಕೊಳ್ಳಿ ಮಾರಾಯ್ತಿಯರೇ, ಎಲೆಯಡಿಕೆ ಈಚೆ ತಳ್ಳಿ. ಮಂಗಳೂರಿನಲ್ಲಿ ದೆಬೋರಮ್ಮ ಅಂತ ಒಬ್ಬ ವಿಧವೆ, ಅವಳಿಗೊಬ್ಬ ಮಗ ತೊಬಿಯ. ದೇವರು ಬುದ್ಧಿ ಹಂಚುವಾಗ ಇವ ಊಟಕ್ಕೆ ಹೋಗಿದ್ದ! ಅಮ್ಮ ಅವರಿವರ ಕಾಲು ಹಿಡಿದು ಇವನನ್ನು ಜರ್ಮನ್ ಪಾದ್ರಿಯ ಬಂಗ್ಲೆಗೆ ಸೇರಿಸಿದಳು. ಕೆಲಸ ಉಳಿಸಿಕೊಂಡರೆ ಹೆಣ್ಣು ಕೊಡುತ್ತೇನೆ ಅಂತ ಪಕ್ಕದ ಬೀದಿಯ ಲಿಡಿಯಳ ಅಪ್ಪ ಮಾತು ಕೊಟ್ಟಿದ್ದ. ಲಿಡಿಯಳ ಕಣ್ಣು ಬಂಗ್ಲೆಯ ಬಟ್ಲರ್ ಯೋನಸನ ಮೇಲೆ ಅಂತ ಬಾವಿಕಟ್ಟೆಗೆಲ್ಲ ಗೊತ್ತು. ನಾನೆಂತ ಹೇಳಲಿಲ್ಲಪ್ಪ.

ಮೊದಲ ದಿನ ಪಾದ್ರಿ ಹೊರಡುವಾಗ ಬಾಗಿಲು ತೋರಿಸಿ “ಶ್ಲೋಸ್!” ಅಂದರು. ಇವ ಬಾಯಿ ತೆರೆದು ನಿಂತ.

“ಶ್ಲೋಸ್ ಅಂದರೆ ಬೀಗವೋ ಮಂಕೇ!” ಸಂಜೆ ಅಮ್ಮ ಬಟ್ಲರನ ಹತ್ತಿರ ಕೇಳಿಕೊಂಡು ಬಂದು ತಲೆಗೆ ಮೊಟಕಿದಳು. “ಆ ಮಾತು ಕೇಳಿದ್ದೇ ಹೊರಗೆ ಬಾ, ಬೀಗ ಜಡಿ!”

“ಆಯ್ತಮ್ಮ.” ಅಂದಿನಿಂದ ಬೀಗ ಅವನ ಸೊಂಟದಲ್ಲೇ.

ಮರುದಿನ ಪಾದ್ರಿ ಅತಿಥಿಗಳಿಗೆ ತಮ್ಮೂರ ಅರಮನೆಯ ಚಿತ್ರ ತೋರಿಸಿ “ಶ್ಲೋಸ್!” ಅಂದರು. ಇವ ಹೊರಗೆ ಹಾರಿದ, ಬೀಗ ಜಡಿದ. ದೊರೆಸಾನಿಯರೆಲ್ಲ ಒಳಗೇ ಬೆಂದರು!

ಪಾದ್ರಿ ಕಿಟಕಿಯಿಂದ ಕೂಗಿದರು: “ಎಲೈ ತೊಬಿಯನೇ! ಮುಚ್ಚುವುದು ಎಂಬುದರಿಂದ ಹುಟ್ಟಿದ ಮಾತದು. ಬಾಗಿಲು ಮುಚ್ಚುವ ಬೀಗವೂ ಶ್ಲೋಸ್, ಶತ್ರುವಿಗೆ ದಾರಿ ಮುಚ್ಚುವ ಕೋಟೆಯೂ ಶ್ಲೋಸ್, ಅರಮನೆಯೂ ಶ್ಲೋಸ್!”

ಒಂದೇ ಮಾತಿಗೆ ಮೂರು ಸಂಸಾರ! ಆ ದೇಶದಲ್ಲಿ ಮಾತಿಗೂ ಬರವೋ ಏನೋ.

“ಅರಮನೆಯೋ ಬೀಗವೋ ಅಂತ ಕೇಳದೆ ಬೀಗಕ್ಕೆ ಕೈಹಾಕಬೇಡ!” ಅಂದಳು ಅಮ್ಮ, ಸುದ್ದಿ ಕೇಳಿ.

“ಆಯ್ತಮ್ಮ.”

ಭಾನುವಾರ ಬೀದಿನಾಯಿ ಅಡುಗೆಮನೆ ಕಡೆ ಓಡಿತು. “ಶ್ಲೋಸ್! ಶ್ಲೋಸ್!” ಪಾದ್ರಿ ಅರಚಿದರು. ಇವ ಕೈಕಟ್ಟಿ ನಿಂತು, “ಅರಮನೆಯೋ, ಬೀಗವೋ?” ಅಂದ. ನಾಯಿಗೆ ಅಷ್ಟು ಸಂಶಯವಿರಲಿಲ್ಲ. ಸೀದಾ ಒಳಗೆ ಹೋಗಿ ಕೋಳಿ ಕಚ್ಚಿಕೊಂಡು ಬಂತು.

“ಮೊದಲು ಬೀಗ ಹಾಕು, ಆಮೇಲೆ ಕೇಳು!” ಅಮ್ಮ ಎದೆ ಬಡಿದುಕೊಂಡಳು. “ಬಾಗಿಲಿನಿಂದ ಒಂದು ನೊಣವೂ ದಾಟಬಾರದು!”

“ಆಯ್ತಮ್ಮ.”

ಹೇಗೋ ಮದುವೆ ದಿನ ಬಂತು. ಇಗರ್ಜಿ ತುಂಬ ಜನ. ಒಪ್ಪಿಗೆ ಕೇಳುವ ಮೊದಲು ಪಾದ್ರಿ ಕೈಯೆತ್ತಿ, “ನಿಮ್ಮ ಮನೆ ಒಂದು ಶ್ಲೋಸ್ ಆಗಲಿ...” ಅಂದರು.

ಮದುಮಗ ಹೊರಗೆ ಹಾರಿದ, ಬೀಗ ಜಡಿದ! ಆಮೇಲೆ ಕೇಳಿದ: “ಅರಮನೆಯೋ, ಬೀಗವೋ?”

“ಅರಮನೆ ಮಾರಾಯಾ! ತೆಗಿಯೋ!” ಒಳಗಿಂದ ಜನ ಬಾಗಿಲು ಬಡಿದರು.

“ನೊಣವೂ ದಾಟಬಾರದಂತೆ. ಅಮ್ಮ ಹೇಳಿದ್ದಾಳೆ.”

ಅಷ್ಟರಲ್ಲಿ ಪಕ್ಕದ ಕಿಟಕಿಯಿಂದ ಬಟ್ಲರ್ ಯೋನಸ ಧುಮುಕಿದ. ಹಿಂದೆಯೇ ಲಿಡಿಯ, ಬಿಳಿ ಸೀರೆ ಎತ್ತಿ ಹಿಡಿದುಕೊಂಡು! ತೊಬಿಯ ಓಡಿಹೋಗಿ ತಾನೇ ಕೈಕೊಟ್ಟ. “ಮೆಲ್ಲ ಇಳಿ ಲಿಡಿಯಾ, ಸೆರಗು ಸಿಕ್ಕೀತು.”

“ಅಯ್ಯೋ ಪೆಂಗಾ, ಹೆಣ್ಣು ಓಡಿಹೋಗ್ತಾಳೋ!” ಅಮ್ಮ ಒಳಗಿಂದ ಬೊಬ್ಬೆ ಹೊಡೆದಳು.

“ಹೆದರಬೇಡಮ್ಮ, ಅವಳು ಹೋದದ್ದು ಕಿಟಕಿಯಿಂದ! ಬಾಗಿಲಲ್ಲಿ ಒಂದು ನೊಣವನ್ನೂ ಬಿಟ್ಟಿಲ್ಲ ನಾನು!”